ಪುಸ್ತಕದ ಗಂಟು ಹೊತ್ತು ನಡೆದ ಮಾಸ್ತರರು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಗಳಗನಾಥರೆಂದರೆ ಒಂದು ಅಂಕ. ಕನ್ನಡ ಕಾದಂಬರಿಯ ಪಿತಾಮಹ ಯಾರು? ನಾಲ್ಕು ಆಯ್ಕೆ ಇರುತ್ತವೆ, ಗಳಗನಾಥ ಎಂಬುದಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಎಫ್‌ಡಿಎ, ಪಿಡಿಒ, ಶಿಕ್ಷಕರ ನೇಮಕಾತಿ ಯಾವುದೇ ಇರಲಿ, ಗೈಡಿನಲ್ಲಿ ಈ ಹೆಸರಿನ ಪಕ್ಕದಲ್ಲಿ ಮತ್ತೊಂದು ಸಾಲು ಇರುವುದು ಕಡಿಮೆ. ಇದ್ದರೂ ಪೂರ್ಣ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ ಎಂದಿರುತ್ತದೆ, ಅದೂ ಒಂದು ಅಂಕಕ್ಕೇ. ಆ ಒಂದು ಅಂಕದ ಹಿಂದೆ ಇರುವ ಮನುಷ್ಯ ಸರ್ಕಾರಿ ಮಾಸ್ತರಿಕೆ ಬಿಟ್ಟು, ತಾನು ಬರೆದ ಪುಸ್ತಕಗಳ ಗಂಟನ್ನು ತಾನೇ ಹೊತ್ತು ಊರೂರು ತಿರುಗಿದವರು ಎಂಬುದು ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಗೊತ್ತಿರಬೇಕಾದ ಸಂಗತಿ. ಕೆಲಸ ಹುಡುಕುವ ನಮಗೆ, ಇದ್ದ ಕೆಲಸ ಬಿಟ್ಟವರ ಕಥೆ ಸ್ವಲ್ಪ ವಿಚಿತ್ರವಾಗಿಯೇ ಕೇಳಿಸುತ್ತದೆ.

ಅವರು ಹುಟ್ಟಿದ್ದು 1869ರ ಜನವರಿ 5ರಂದು, ಈಗಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ. ಅಂದು ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ವರದಾ ನದಿ ಬಂದು ತುಂಗಭದ್ರೆಯನ್ನು ಕೂಡುವ ಜಾಗದಲ್ಲಿ ಊರು ಇದೆ, ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ. ಸಿವಿಲ್ ಓದುವವರು ಈ ಗುಡಿಯನ್ನು ಒಮ್ಮೆ ನೋಡಲೇಬೇಕು. ಗರ್ಭಗುಡಿಯ ಹೊರಗೋಡೆಗೆ ಸುತ್ತಲೂ ಇಳಿಜಾರಾಗಿ ಕಲ್ಲು ಪೇರಿಸಿ ಆಸರೆ ಕೊಟ್ಟಿದ್ದಾರೆ, ದೂರದಿಂದ ಪಿರಮಿಡ್ಡಿನ ಬುಡದಂತೆ ಕಾಣುತ್ತದೆ. ಇರಲಿ. ವೆಂಕಟೇಶರು ಮುಂದೆ ಲೇಖಕರಾದಾಗ ಮನೆತನದ ಹೆಸರನ್ನಾಗಲಿ ತಂದೆಯ ಹೆಸರನ್ನಾಗಲಿ ಮುಂದೆ ಮಾಡದೆ ಊರಿನ ಹೆಸರನ್ನೇ ತಮ್ಮದಾಗಿಸಿಕೊಂಡರು. ತಿರಕೋ ಎಂಬುದು ತಂದೆ ತ್ರಿವಿಕ್ರಮರ ಹೆಸರಿನ ಬಳಕೆಯ ರೂಪ. ಹೆಸರಿನ ನಡುವೆ ತಂದೆಯ ಹೆಸರು, ಕೊನೆಗೆ ಕುಲಕರ್ಣಿ ಎಂಬ ಅಡ್ಡಹೆಸರು, ಇದು ಆಗ ನಮ್ಮ ಭಾಗದಲ್ಲಿ ನಡೆದುಬಂದ ಮರಾಠಿ ರೀತಿ. ಈಗಲೂ ನಮ್ಮ ಮಾರ್ಕ್ಸ್ ಕಾರ್ಡುಗಳಲ್ಲಿ ಹಾಗೆಯೇ ಇದೆಯಲ್ಲ.

ಮರಾಠಿಯ ಮಾತು ಬಂತು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1818ರಲ್ಲಿ ಪೇಶ್ವೆಯವರ ಆಳ್ವಿಕೆ ಮುಗಿದು ಇಂಗ್ಲಿಷರದು ಬಂದರೂ ಬೆಳಗಾವಿ, ಧಾರವಾಡ, ವಿಜಾಪುರದ ಕಡೆ ಕಚೇರಿಯ ಭಾಷೆಯಾಗಿ, ಶಾಲೆಯ ಭಾಷೆಯಾಗಿ ಮರಾಠಿಯೇ ಬಹುಕಾಲ ಮೆರೆಯಿತು. ಮನೆಯಲ್ಲಿ ಕನ್ನಡ, ಕಾಗದದಲ್ಲಿ ಮೋಡಿ ಅಕ್ಷರ. ಕಲಿತವರು ಎನ್ನಿಸಿಕೊಳ್ಳಬೇಕೆಂದರೆ ಪುಣೆಯ ಪತ್ರಿಕೆ ಓದಬೇಕು, ಕನ್ನಡದಲ್ಲಿ ಮಾತಾಡುವುದೆಂದರೆ ಹಳ್ಳಿಗಾಡಿನವರ ಲಕ್ಷಣ. ಡೆಪ್ಯುಟಿ ಚೆನ್ನಬಸಪ್ಪನವರಂಥವರು ಶಾಲೆಗಳಲ್ಲಿ ಕನ್ನಡವನ್ನು ನಿಲ್ಲಿಸಲು ದುಡಿದದ್ದು ಇದೇ ಹೊತ್ತಿನಲ್ಲಿ. ಅದೇ ತಲೆಮಾರಿನಲ್ಲಿ ನಮ್ಮ ಬೈಲಹೊಂಗಲದ ಕಡೆಯ ಊರಿನ ಹೆಸರನ್ನು ಹೊತ್ತ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣಭಟ್ಟನ ಸಂಸ್ಕೃತದ ಕಾದಂಬರಿಯನ್ನು ಕನ್ನಡಕ್ಕೆ ತಂದರು. ಕಾದಂಬರಿ ಎಂಬುದು ಬಾಣನ ಆ ಕೃತಿಯ ನಾಯಕಿಯ ಹೆಸರು. ಇಂಗ್ಲಿಷಿನ ನಾವೆಲ್ಲಿಗೆ ಮರಾಠಿಯವರೂ ನಾವೂ ಅದೇ ಹೆಸರನ್ನು ಇಟ್ಟುಕೊಂಡೆವು. ಒಬ್ಬ ಹೆಣ್ಣುಮಗಳ ಹೆಸರು ಒಂದು ಸಾಹಿತ್ಯ ಪ್ರಕಾರಕ್ಕೇ ಹೆಸರಾದದ್ದು ಬೇರೆ ಎಲ್ಲಿಯಾದರೂ ಇದೆಯೋ ಇಲ್ಲವೋ!

1890ರಲ್ಲಿ ಧಾರವಾಡದಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಕನ್ನಡದಲ್ಲಿ ಪುಸ್ತಕಗಳೇ ಇಲ್ಲ ಎಂಬ ಕೊರಗನ್ನು ನೀಗುವುದು ಸಂಘದ ಮುಖ್ಯ ಕೆಲಸ. ಬರೆಯುವವರಿಗೆ ಬಹುಮಾನ ಕೊಟ್ಟು ಬರೆಸುವುದು ಅವರು ಹಿಡಿದ ದಾರಿ. ಹಳ್ಳಿಯಲ್ಲಿ ಕಲಿತು, ಮುಲ್ಕಿ ಪರೀಕ್ಷೆ ಮುಗಿಸಿ, ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಶಿಕ್ಷಕರ ತರಬೇತಿ ಪಡೆದು ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ವೆಂಕಟೇಶ ಕುಲಕರ್ಣಿಯವರು ಸಂಘದ ಬಹುಮಾನಕ್ಕೆ ಬರೆದ ಕೃತಿಯೇ ಪ್ರಬುದ್ಧ ಪದ್ಮನಯನೆ. ವರ್ಷ 1898. ಅವರಿಗೆ ಆಗ 29. ಬಹುಮಾನ ಬಂತು, ಹೆಸರೂ ಬಂತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಮರುವರ್ಷವೇ, 1899ರಲ್ಲಿ, ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಅಚ್ಚಾಯಿತು. ಪೊಲೀಸ್ ಇಲಾಖೆಯಲ್ಲಿದ್ದ ಗುಲ್ವಾಡಿಯವರು ಬಾಲವಿಧವೆಯೊಬ್ಬಳನ್ನು ನಾಯಕಿ ಮಾಡಿ, ಅವಳಿಗೆ ವಿದ್ಯೆ ಕೊಡಿಸಿ, ಮರುಮದುವೆ ಮಾಡಿಸಿ, ಮಠ ಮಾನ್ಯದವರ ಕಪಟವನ್ನು ಬಯಲಿಗೆಳೆದರು. ಒಂದೇ ಭಾಷೆಯಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ, ಹೆಣ್ಣನ್ನೇ ಹೆಸರಿನಲ್ಲಿ ಇಟ್ಟುಕೊಂಡ ಎರಡು ಕಾದಂಬರಿಗಳು ಹುಟ್ಟಿದವು. ಅವೆರಡರ ಮುಖ ಮಾತ್ರ ಎದುರುಬದುರು ದಿಕ್ಕಿಗೆ. ಕರಾವಳಿಯ ಪುಸ್ತಕ ಹಳೆಯ ಕಟ್ಟನ್ನು ಮುರಿಯಬೇಕು ಎನ್ನುತ್ತದೆ. ಗಳಗನಾಥರಿಗೆ ಅದೇ ಕಟ್ಟನ್ನು ಗಟ್ಟಿ ಮಾಡುವ ಹಂಬಲ. ಪತಿವ್ರತೆ, ಗುರುಭಕ್ತಿ, ಹಿರಿಯರ ಮಾತು, ವರ್ಣಾಶ್ರಮ, ಕರ್ಮಫಲ ಇವುಗಳಲ್ಲಿ ಅವರದು ಅಲುಗದ ನಂಬಿಕೆ. ಆ ನಂಬಿಕೆಯನ್ನು ಅವರು ಎಂದೂ ಮುಚ್ಚಿಡಲಿಲ್ಲ. ಕಥೆ ಓಡುತ್ತಿರುವಾಗಲೇ ನಡುವೆ ನಿಲ್ಲಿಸಿ, ಓದುವವರತ್ತ ತಿರುಗಿ, ಮಾಸ್ತರರು ತರಗತಿಯಲ್ಲಿ ಹೇಳುವ ಹಾಗೆ ಬುದ್ಧಿ ಹೇಳಿ ಮತ್ತೆ ಕಥೆಗೆ ಮರಳುತ್ತಾರೆ. ಇಂದಿನ ಓದುಗರಿಗೆ ಇದು ರೀಲ್ಸ್ ನೋಡುವಾಗ ನಡುವೆ ಬರುವ ಜಾಹೀರಾತಿನಂತೆ ಅನ್ನಿಸಬಹುದು. ಅಂದಿನವರಿಗೆ ಹಾಗೆ ಅನ್ನಿಸಲಿಲ್ಲ. ಪುರಾಣ ಕೇಳಿ ಬೆಳೆದ ಕಿವಿಗಳಿಗೆ ಕಥೆಯ ನಡುವೆ ಉಪದೇಶ ಬರುವುದು ಹೊಸದೇನೂ ಆಗಿರಲಿಲ್ಲ.

ಆ ದಿನಗಳಲ್ಲಿ ಈ ಜಗಳ ಬರಿ ಪುಸ್ತಕದ್ದಾಗಿರಲಿಲ್ಲ. ವಿಧವೆಯರ ಮರುಮದುವೆಗೆ 1856ರಲ್ಲೇ ಕಾನೂನಿನ ಒಪ್ಪಿಗೆ ಸಿಕ್ಕಿದ್ದರೂ ಊರುಗಳಲ್ಲಿ ಅದು ನಡೆಯುತ್ತಿರಲಿಲ್ಲ. 1891ರಲ್ಲಿ ಹುಡುಗಿಯರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ್ದಕ್ಕೇ ಪುಣೆಯಲ್ಲಿ ದೊಡ್ಡ ಗದ್ದಲ, ಟಿಳಕರೇ ವಿರೋಧಕ್ಕೆ ನಿಂತಿದ್ದರು. ಅದೇ ಪುಣೆಯಲ್ಲಿ 1896ರಲ್ಲಿ ಕರ್ವೆಯವರು ವಿಧವೆಯರಿಗೆ ಆಶ್ರಮ ತೆರೆದರು. ಧಾರವಾಡದ ಓದುಬರಹ ಬಲ್ಲವರ ಮನೆಗಳಿಗೆ ಪುಣೆಯ ಗಾಳಿ ನೇರವಾಗಿ ಬೀಸುತ್ತಿತ್ತು. ಈ ಗಾಳಿಯಲ್ಲಿ ಗಳಗನಾಥರು ತಮ್ಮ ಬೆನ್ನನ್ನು ಯಾವ ಗೋಡೆಗೆ ಆನಿಸಿ ನಿಂತರು ಎಂಬುದು ಸ್ಪಷ್ಟ.

ಉಗರಗೋಳದವಳಾದ ನನಗೆ ಈ ವಿಷಯವನ್ನು ಹಗುರವಾಗಿ ದಾಟಿ ಹೋಗಲು ಆಗುವುದಿಲ್ಲ. ನಮ್ಮೂರು ಎಲ್ಲಮ್ಮನ ಗುಡ್ಡದ ಬುಡದಲ್ಲಿದೆ. ಹುಣ್ಣಿವೆಗೆ ಬರುವ ಎತ್ತಿನ ಬಂಡಿಗಳು, ಭಂಡಾರ, ಚೌಡಕಿಯ ದನಿ, ಉಧೋ ಉಧೋ ಎಂಬ ಕೂಗು ಇವುಗಳ ನಡುವೆ ಬೆಳೆದವರಿಗೆ ಸಂಪ್ರದಾಯದ ಚೆಲುವೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಅದೇ ಗುಡ್ಡದಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಬಾಳು ಏನಾಯಿತು ಎಂಬುದೂ ಇಲ್ಲಿನವರಿಗೆ ಗೊತ್ತು. ದೇವದಾಸಿ ಪದ್ಧತಿಗೆ ಮುಂಬಯಿ ಸರ್ಕಾರ 1934ರಲ್ಲಿ ಕಾನೂನು ತಂದಿತು, ಕರ್ನಾಟಕ 1982ರಲ್ಲಿ ಮತ್ತೊಂದು ಕಾನೂನು ಮಾಡಬೇಕಾಯಿತು. ಹಳೆಯದೆಲ್ಲ ಒಳ್ಳೆಯದು ಎಂದು ಕಣ್ಣು ಮುಚ್ಚಿ ಹೇಳುವುದು ನಮ್ಮೂರಿನವರಿಗೆ ಸಾಧ್ಯವಿಲ್ಲ. ಗಳಗನಾಥರ ಆದರ್ಶದ ಮನೆಯಲ್ಲಿ ನನ್ನಂಥ ಹುಡುಗಿಗೆ ಹಾಸ್ಟೆಲ್ಲಿನಲ್ಲಿದ್ದು ಸರ್ವೇ ಕಲಿಯುವ ಜಾಗ ಇರಲಿಕ್ಕಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಅವರ ಬಾಳನ್ನು ಹೇಳಲು ಕೂತಿದ್ದೇನೆ, ಯಾಕೆಂದರೆ ಅವರ ನಂಬಿಕೆ ಒಂದು ಕಡೆ, ಅವರು ಮಾಡಿದ ಕೆಲಸ ಇನ್ನೊಂದು ಕಡೆ ಎಳೆಯುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎಳೆದಾಟ.

ಹಾವೇರಿಯ ಹತ್ತಿರ ಅಗಡಿ ಎಂಬ ಊರಿದೆ. ಅಲ್ಲಿ ಶೇಷಾಚಲ ಸದ್ಗುರುಗಳ ಆನಂದವನ ಎಂಬ ಆಶ್ರಮ. 1907ರಲ್ಲಿ ಆ ಆಶ್ರಮದಿಂದ ಸದ್ಬೋಧ ಚಂದ್ರಿಕೆ ಎಂಬ ಮಾಸಪತ್ರಿಕೆ ಹೊರಟಿತು. ಅದರ ಹಿಂದಿನ ಕೈ ಗಳಗನಾಥರದು. ಶಾಲೆಯ ಕೆಲಸ ಬಿಟ್ಟು ಪತ್ರಿಕೆ ಮತ್ತು ಬರವಣಿಗೆಯನ್ನೇ ಬದುಕಾಗಿ ಮಾಡಿಕೊಂಡರು. ಸರ್ಕಾರಿ ಸಂಬಳ, ಕೊನೆಗೆ ಪಿಂಚಣಿ ಇದ್ದ ದಾರಿ ಬಿಟ್ಟು ಆಶ್ರಮದ ಪತ್ರಿಕೆ ಹಿಡಿದರೆಂದರೆ ಮನೆಯವರು ಏನೆಂದಿರಬಹುದು, ನೀವೇ ಯೋಚಿಸಿ. ಇವತ್ತು ಯಾರಾದರೂ ಮಾಸ್ತರಿಕೆ ಬಿಟ್ಟು ಯೂಟ್ಯೂಬ್ ಚಾನೆಲ್ ಮಾಡುತ್ತೇನೆ ಎಂದರೆ ನಮ್ಮ ಮನೆಗಳಲ್ಲಿ ಏನಾಗುತ್ತದೋ ಅದಕ್ಕಿಂತ ಕಡಿಮೆಯೇನೂ ಆಗಿರಲಾರದು.

ಪತ್ರಿಕೆ ಹಳ್ಳಿಹಳ್ಳಿಗೆ ಹೋಯಿತು. ಸಾವಿರಾರು ಚಂದಾದಾರರು. ಆ ಕಾಲದಲ್ಲಿ ಕನ್ನಡದ ಮಾಸಪತ್ರಿಕೆಗೆ ನೂರರ ಲೆಕ್ಕ ದಾಟುವುದೇ ಕಷ್ಟವಾಗಿದ್ದಾಗ ಇದು ಸಣ್ಣ ಮಾತಲ್ಲ. ಯಾಕೆ ಹೀಗಾಯಿತು ಎಂದು ನೋಡಿದರೆ, ಉಳಿದವರು ಪೇಟೆಯ ಪದವೀಧರರಿಗೆ ಬರೆಯುತ್ತಿದ್ದರು. ಗಳಗನಾಥರು ಬರೆದದ್ದು ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಕೂತು, ಒಬ್ಬರು ಓದಿದ್ದನ್ನು ಹತ್ತು ಜನ ಕೇಳುವ ಮನೆಗಳಿಗೆ. ದೇವರು, ಧರ್ಮ, ಸಂಸಾರ, ಅದರ ನಡುವೆ ಕಥೆ. ಇಂಥ ಪುಸ್ತಕ ಮನೆಯೊಳಗೆ ಬಂದರೆ ಹಿರಿಯರ ತಕರಾರಿಲ್ಲ. ಹೆಣ್ಣುಮಕ್ಕಳ ಕೈಗೆ ಕೊಡಲಿಕ್ಕೂ ಅಂಜಿಕೆಯಿಲ್ಲ. ಆಗ ಹೆಣ್ಣುಮಕ್ಕಳು ಕಾದಂಬರಿ ಓದಿದರೆ ಕೆಡುತ್ತಾರೆ ಎಂಬ ಮಾತಿತ್ತು, ನಮ್ಮಜ್ಜಿಯ ಕಾಲದವರೆಗೂ ಇತ್ತು. ಆ ಬಾಗಿಲನ್ನು ತೆರೆದ ಪುಸ್ತಕಗಳಲ್ಲಿ ಒಂದು ದೊಡ್ಡ ಪಾಲು ಈ ಸಂಪ್ರದಾಯಸ್ಥರದು. ಪತಿವ್ರತೆಯಾಗು ಎಂದು ಹೇಳುವ ಪುಸ್ತಕವನ್ನೇ ಓದಲಿ, ಓದಲು ಮೊದಲು ಅಕ್ಷರ ಕಲಿಯಬೇಕಲ್ಲ. ಅಕ್ಷರ ಕಲಿತ ಮೇಲೆ ಮುಂದೆ ಯಾವ ಪುಸ್ತಕ ಹಿಡಿಯುತ್ತಾಳೆ ಎಂಬುದು ಯಾವ ಲೇಖಕನ ಕೈಯಲ್ಲೂ ಇರುವುದಿಲ್ಲ. ಗಳಗನಾಥರು ಇಷ್ಟು ದೂರ ಯೋಚಿಸಿದ್ದರೆಂದು ನಾನು ಹೇಳುತ್ತಿಲ್ಲ. ಅವರ ಕೆಲಸದಿಂದ ಆದದ್ದು ಅದು.

ಇನ್ನೊಂದು ತಮಾಷೆ ನೋಡಿ. ಹಳೆಯ ಧರ್ಮವನ್ನು ಉಳಿಸಲು ಅವರು ಹಿಡಿದ ಸಾಮಾನುಗಳೆಲ್ಲ ಹೊಸವು. ಅಚ್ಚಿನ ಮೊಳೆ ಹೊಸದು. ಅಂಚೆಯಲ್ಲಿ ಮನೆಗೆ ಬರುವ ಚಂದಾ ಪತ್ರಿಕೆ ಹೊಸದು. ರೈಲು ಹೊಸದು. ಎಲ್ಲಕ್ಕಿಂತ ಹೆಚ್ಚಾಗಿ ಕಾದಂಬರಿ ಎಂಬ ರೂಪವೇ ಇಂಗ್ಲಿಷಿನಿಂದ ಬಂಗಾಳಿ, ಮರಾಠಿಯ ಮೂಲಕ ನಮಗೆ ಬಂದದ್ದು. ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ಕನ್ನಡಕ್ಕೆ ತಂದು ಓದುಗರನ್ನು ಬೆಳೆಸಿದರು. ನಮ್ಮ ಉತ್ತರದ ಕಡೆ ಅದೇ ಕೆಲಸವನ್ನು ಮರಾಠಿಯ ಆಧಾರದಿಂದ ಮಾಡಿದವರು ಗಳಗನಾಥರು. ಪುಣೆಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳು ಅವರಿಗೆ ಬಹಳ ಹಿಡಿಸಿದವು. ಇದೇ ಆಪ್ಟೆಯವರು ವಿಧವೆಯರ ದುಃಖದ ಮೇಲೆ ಸುಧಾರಕರು ತಲೆಯ ಮೇಲಿಟ್ಟುಕೊಳ್ಳುವಂಥ ಕಾದಂಬರಿ ಬರೆದವರು. ಗಳಗನಾಥರ ಮನಸ್ಸು ಓಡಿದ್ದು ಮಾತ್ರ ಅವರ ಕೋಟೆ ಕೊತ್ತಲ, ರಾಜ ಮಹಾರಾಜರ ಕಥೆಗಳ ಕಡೆಗೆ.

ಮರಾಠಿಯ ಮೇಲುಗೈಯನ್ನು ಮರಾಠಿಯಿಂದಲೇ ತಂದ ಕಥೆಗಳಿಂದ ತಗ್ಗಿಸಿದರು ಎಂದರೆ ವಿಚಿತ್ರ ಎನಿಸಬಹುದು. ಆದರೆ ಆದದ್ದು ಹಾಗೆಯೇ. ಮರಾಠಿ ಕಾದಂಬರಿಗೆ ಹೋಗುತ್ತಿದ್ದ ಓದುಗ ಅದೇ ರುಚಿಯನ್ನು ಕನ್ನಡದಲ್ಲಿ ಕಂಡ. ಪಕ್ಕದ ಊರಿನ ಬಾವಿಗೆ ಹೋಗಿ ನೀರು ತರುತ್ತಿದ್ದವರಿಗೆ ನಮ್ಮೂರಲ್ಲೇ ಬಾವಿ ತೋಡಿಸಿಕೊಟ್ಟ ಹಾಗೆ, ತೋಡುವ ವಿದ್ಯೆ ಪಕ್ಕದ ಊರಿನದೇ ಇರಲಿ.

ಇವುಗಳಲ್ಲಿ ಹೆಚ್ಚು ಹೆಸರಾದದ್ದು ಕನ್ನಡಿಗರ ಕರ್ಮಕಥೆ. ಆಪ್ಟೆಯವರ ವಜ್ರಾಘಾತ ಇದಕ್ಕೆ ಆಧಾರ. 1565ರ ತಾಳಿಕೋಟೆಯ ಯುದ್ಧ, ವಿಜಯನಗರದ ಪತನ ಇದರ ವಸ್ತು. ಇತಿಹಾಸದ ಪಾಠದಲ್ಲಿ ನಾವು ಸುಲ್ತಾನರ ಒಕ್ಕೂಟ, ತೋಪುಖಾನೆ, ಸೈನ್ಯದೊಳಗಿನ ದ್ರೋಹ ಎಂದು ಕಾರಣಗಳನ್ನು ಓದುತ್ತೇವೆ. ಈ ಕಾದಂಬರಿಯಲ್ಲಿ ಕಥೆಯ ಎಳೆ ಬೇರೆ. ರಾಮರಾಯ ಯೌವನದಲ್ಲಿ ಪ್ರೀತಿಸಿ ಕೈಬಿಟ್ಟ ಮುಸ್ಲಿಂ ಹೆಣ್ಣೊಬ್ಬಳು, ಅವಳ ಮಗ, ಅವರ ಒಡಲ ಉರಿ ಇವು ಬೆಳೆದು ಬೆಳೆದು ಒಂದು ಸಾಮ್ರಾಜ್ಯವನ್ನೇ ಸುಡುತ್ತವೆ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹೆಸರಿನಲ್ಲಿರುವ ಕರ್ಮ ಎಂಬ ಪದವನ್ನು ಗಮನಿಸಿ. ಕನ್ನಡದ ದೊಡ್ಡ ರಾಜ್ಯ ಹಾಳಾದದ್ದಕ್ಕೆ ಹೊರಗಿನವರನ್ನು ಬಯ್ದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಈ ಕಥೆ ತಪ್ಪಿನ ಬೇರನ್ನು ಆಳುವವನ ಖಾಸಗಿ ನಡತೆಯಲ್ಲಿ, ಹೆಣ್ಣಿಗೆ ಮಾಡಿದ ಮೋಸದಲ್ಲಿ ಹುಡುಕುತ್ತದೆ. ಕರ್ಮಸಿದ್ಧಾಂತವನ್ನು ನಂಬಿದ ಲೇಖಕ ಆ ಸಿದ್ಧಾಂತವನ್ನು ರಾಜನಿಗೂ ಬಿಡದೆ ಅನ್ವಯಿಸಿದರು. ನನಗೆ ಈ ಪುಸ್ತಕದ ಮೇಲೆ ಗೌರವ ಹೆಚ್ಚಿದ್ದು ಇಲ್ಲಿ. ಹೆಣ್ಣಿನ ನೋವು ರಾಜಕಾರಣದ ವಿಷಯ ಎಂದು ಇಂದು ನಾವು ಭಾಷಣ ಸ್ಪರ್ಧೆಯಲ್ಲಿ ಹೇಳುತ್ತೇವೆ. ಪೂರಾ ಬೇರೆ ದಾರಿಯಿಂದ ಬಂದ ಕಥೆ ಆ ಮಾತಿನ ಹತ್ತಿರವೇ ಬಂದು ನಿಂತಿದೆ.

ವಿಜಯನಗರದ ಹುಚ್ಚು ಆ ಕಾಲಕ್ಕೆಲ್ಲ ಹಿಡಿದಿತ್ತು. 1900ರಲ್ಲಿ ರಾಬರ್ಟ್ ಸಿವೆಲ್ ಅವರ ಇಂಗ್ಲಿಷ್ ಇತಿಹಾಸ ಹೊರಬಂದು ಮರೆತ ಸಾಮ್ರಾಜ್ಯವೊಂದಿತ್ತು ಎಂದು ಜಗತ್ತಿಗೆ ತಿಳಿಯಿತು. 1905ರಲ್ಲಿ ಆಲೂರ ವೆಂಕಟರಾಯರು ಹಂಪಿಗೆ ಹೋಗಿ, ಆ ಹಾಳುಬಿದ್ದ ಕಲ್ಲುಗಳನ್ನು ನೋಡಿ ಕರ್ನಾಟಕದ ಕನಸು ಕಂಡರು. 1917ರಲ್ಲಿ ಅವರ ಕರ್ನಾಟಕ ಗತವೈಭವ ಬಂತು. ಕನ್ನಡಿಗರಿಗೂ ಒಂದು ಇತಿಹಾಸವಿದೆ, ಶಿವಾಜಿಯ ಕಥೆ ಕೇಳುವವರ ಮನೆಯಲ್ಲಿ ಹಕ್ಕ ಬುಕ್ಕರ ಕಥೆಯೂ ಕೇಳಬೇಕು ಎಂಬ ಹಂಬಲ ಆಲೂರರಿಗೆ ಎಷ್ಟಿತ್ತೋ ಗಳಗನಾಥರಿಗೂ ಅಷ್ಟಿತ್ತು. ಅವರು ಮರಾಠರ ಇತಿಹಾಸವನ್ನೂ ಬಿಡಲಿಲ್ಲ, ಮರಾಠರ ಅಭ್ಯುದಯ ಎಂಬ ಪುಸ್ತಕವನ್ನೂ ಬರೆದರು. ದ್ವೇಷವಿಲ್ಲದೆ ಅಭಿಮಾನ ಪಡುವುದು ಹೇಗೆ ಎಂದು ಬೆಳಗಾವಿ ಜಿಲ್ಲೆಯವರಾದ ನಾವು ಇದನ್ನು ನೆನಪಿಡುವುದು ಒಳ್ಳೆಯದು.

1923ರಲ್ಲಿ ಬಂದ ಮಾಧವ ಕರುಣಾ ವಿಲಾಸ ಅವರ ಸ್ವತಂತ್ರ ಕೃತಿ. ಬಹಳ ಜನ ವಿಮರ್ಶಕರು ಇದನ್ನೇ ಅವರ ಶ್ರೇಷ್ಠ ಕಾದಂಬರಿ ಎನ್ನುತ್ತಾರೆ. ಕರ್ಮಕಥೆ ವಿಜಯನಗರದ ಸೂರ್ಯಾಸ್ತ, ಇದು ಸೂರ್ಯೋದಯ. ದಿಲ್ಲಿಯ ಸೈನ್ಯಗಳು ದಕ್ಷಿಣಕ್ಕೆ ನುಗ್ಗಿ ಹಳೆಯ ರಾಜ್ಯಗಳು ಒಂದೊಂದಾಗಿ ಉರುಳಿದ ಮೇಲೆ, 1336ರ ಹೊತ್ತಿಗೆ ತುಂಗಭದ್ರೆಯ ದಂಡೆಯಲ್ಲಿ ಹೊಸ ರಾಜ್ಯವೊಂದು ಎದ್ದ ಕಥೆ. ಹರಿಹರ, ಬುಕ್ಕ, ಅವರ ಬೆನ್ನಿಗೆ ವಿದ್ಯಾರಣ್ಯರು. ಮಾಧವ ಎಂಬುದು ಪರಂಪರೆಯಲ್ಲಿ ವಿದ್ಯಾರಣ್ಯರ ಪೂರ್ವಾಶ್ರಮದ ಹೆಸರು, ದೇವರ ಹೆಸರೂ ಹೌದು, ಎರಡೂ ಅರ್ಥ ಹೊಂದುವಂತೆ ಹೆಸರಿಟ್ಟಿದ್ದಾರೆ. ರಾಜ್ಯ ಕಟ್ಟುವುದಕ್ಕೆ ಕತ್ತಿಯಷ್ಟೇ ಗುರುವೂ ಬೇಕು ಎಂಬುದು ಪುಸ್ತಕದ ಉಸಿರು. ವಿದ್ಯಾರಣ್ಯರು ನಿಜಕ್ಕೂ ರಾಜ್ಯ ಸ್ಥಾಪನೆಯಲ್ಲಿ ಇದ್ದರೇ ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ವಾದವಿದೆ. ಕಾದಂಬರಿಯಾಗಿ ನೋಡಿದರೆ ಅದರಲ್ಲಿ ತುಂಗಭದ್ರೆಯ ನೀರು, ಕಲ್ಲುಗುಡ್ಡ, ಹಾದಿ ಬೀದಿಗಳ ಚಿತ್ರ ಎಷ್ಟು ಗಟ್ಟಿಯಾಗಿದೆ ಎಂದರೆ, ಆ ನದಿಯ ದಂಡೆಯಲ್ಲೇ ಹುಟ್ಟಿದವರು ಬರೆದದ್ದು ಎಂದು ಬೇರೆ ಹೇಳಬೇಕಿಲ್ಲ. ವಾಕ್ಯಗಳು ಉದ್ದ. ಸಂಸ್ಕೃತ ಪದಗಳು ತುಂಬಿವೆ. ಮೊದಲ ಐವತ್ತು ಪುಟ ನನಗೆ ಫ್ಲೂಯಿಡ್ ಮೆಕ್ಯಾನಿಕ್ಸಿಗಿಂತ ಕಷ್ಟವಾಯಿತು, ಆಮೇಲೆ ಕಿವಿ ಪಳಗಿತು. ಮನಸ್ಸಿನಲ್ಲಿ ಓದದೆ ಸ್ವಲ್ಪ ಗಟ್ಟಿಯಾಗಿ ಓದಿದರೆ ಉಸಿರಿಗೆ ತಕ್ಕ ಹಾಗೆ ವಾಕ್ಯ ತಾನೇ ಬಿಡಿಸಿಕೊಳ್ಳುತ್ತದೆ. ಅದು ಓದಿ ಹೇಳಲೆಂದೇ ಬರೆದ ಗದ್ಯ.

ಹೀಗೆ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು, ಜೊತೆಗೆ ಪುರಾಣದ ಕಥೆಗಳು, ಧರ್ಮದ ಪುಸ್ತಕಗಳು, ಪ್ರಬಂಧ ಬರೆಯುವುದನ್ನು ಕಲಿಸುವ ನಿಬಂಧ ಶಿಕ್ಷಣ ಎಂಬ ಪುಸ್ತಕ. ಕುಮುದಿನಿ, ಕಮಲಕುಮಾರಿ, ಗೃಹಕಲಹ, ಛತ್ರಪತಿ, ಕುರುಕ್ಷೇತ್ರ ಹೀಗೆ ಪಟ್ಟಿ ಬೆಳೆಯುತ್ತದೆ. ಎಲ್ಲವನ್ನೂ ಇಲ್ಲಿ ಹೇಳಿದರೆ ಮತ್ತೆ ಗೈಡಿನ ಪುಟವೇ ಆದೀತು. ಆನಂದವನದ ಪತ್ರಿಕೆಯ ಕಾಲ ಮುಗಿದ ಮೇಲೆ ಹಾವೇರಿಯಿಂದ ಸದ್ಗುರು ಎಂಬ ಮಾಸಪತ್ರಿಕೆಯನ್ನು ಸ್ವಂತವಾಗಿ ನಡೆಸಿದರು. ಬರೆಯುವುದು, ಅಚ್ಚು ಹಾಕಿಸುವುದು, ಕರಡು ತಿದ್ದುವುದು, ಮಾರುವುದು ಎಲ್ಲ ಒಬ್ಬರೇ.

ಮಾರುವುದು ಎಂದೆನಲ್ಲ, ಅವರ ಬಾಳಿನಲ್ಲಿ ಜನ ಇವತ್ತಿಗೂ ನೆನೆಯುವ ಸಂಗತಿ ಅದೇ. ಪುಸ್ತಕದಂಗಡಿ ಇರುತ್ತಿದ್ದದ್ದು ಧಾರವಾಡ, ಹುಬ್ಬಳ್ಳಿ, ಬೆಳಗಾವಿಯಂಥ ಪೇಟೆಗಳಲ್ಲಿ. ಅವರ ಓದುಗರು ಇದ್ದದ್ದು ಹಳ್ಳಿಗಳಲ್ಲಿ. ಹಾಗಾಗಿ ಪುಸ್ತಕಗಳನ್ನು ಗಂಟು ಕಟ್ಟಿ, ತಲೆಯ ಮೇಲೋ ಹೆಗಲ ಮೇಲೋ ಹೊತ್ತು, ಊರಿಂದ ಊರಿಗೆ ನಡೆದು ಹೋಗಿ ಮಾರುತ್ತಿದ್ದರು. ಬಳೆಗಾರ ಬಳೆ ಹೊತ್ತು ಬರುವ ಹಾಗೆ, ಕಂಬಳಿ ಮಾರುವವರು ಕಂಬಳಿ ಹೊತ್ತು ಬರುವ ಹಾಗೆ. ಮಡಿ ಮೈಲಿಗೆ ನೋಡುವ ಮನೆತನದ, ಊರಲ್ಲಿ ಕುಲಕರ್ಣಿಕೆಯ ಮರ್ಯಾದೆ ಇದ್ದ, ಮಾಸ್ತರರೆಂದು ಜನ ಎದ್ದು ನಿಲ್ಲುತ್ತಿದ್ದ ವ್ಯಕ್ತಿ ಮಾರಾಟಕ್ಕೆಂದು ಹೊರೆ ಹೊತ್ತು ಬೀದಿಗೆ ಇಳಿಯುವುದು ಆ ಕಾಲದ ಕಣ್ಣಿಗೆ ಹೇಗೆ ಕಂಡಿರಬೇಕು? ವರ್ಣ, ವೃತ್ತಿ, ಸ್ಥಾನ ಎಲ್ಲವೂ ತನ್ನ ತನ್ನ ಜಾಗದಲ್ಲಿರಬೇಕು ಎಂದು ಬರೆಯುತ್ತಿದ್ದವರು ಪುಸ್ತಕದ ಮುಂದೆ ಆ ಲೆಕ್ಕವನ್ನೆಲ್ಲ ಬದಿಗಿಟ್ಟರು. ಹೊರೆ ಹೊರುವುದು ತನ್ನ ಅಂತಸ್ತಿನ ಕೆಲಸವಲ್ಲ ಎಂದು ಅವರಿಗೆ ಅನ್ನಿಸಲೇ ಇಲ್ಲ. ಪದವಿ ಮುಗಿಸಿ ಸೇಲ್ಸ್ ಕೆಲಸ ಎಂದರೆ ಮುಖ ಸಿಂಡರಿಸುವ ನನ್ನ ಗೆಳೆಯ ಗೆಳತಿಯರಿಗೆ, ಕನ್ನಡ ಕಾದಂಬರಿಯ ಪಿತಾಮಹ ಮಾಡಿದ್ದು ಕಾಲ್ನಡಿಗೆಯ ಸೇಲ್ಸ್ ಎಂದು ನಾನು ಹೇಳುತ್ತಿರುತ್ತೇನೆ. ಅವರು ನಗುತ್ತಾರೆ.

ಪಿತಾಮಹ ಎಂಬ ಬಿರುದಿನ ಬಗ್ಗೆಯೂ ಒಂದು ಮಾತು. ಮೊದಲ ಕಾದಂಬರಿ ಯಾವುದು ಎಂಬ ಲೆಕ್ಕಕ್ಕೆ ಕೂತರೆ ಗಳಗನಾಥರಿಗಿಂತ ಮುಂಚಿನ ಕೃತಿಗಳ ಹೆಸರು ಬರುತ್ತದೆ, ಸಾಮಾಜಿಕ ಕಾದಂಬರಿ ಎಂದರೆ ಇಂದಿರಾಬಾಯಿಯ ಹೆಸರು ಬರುತ್ತದೆ. ಬಿರುದು ಅವರಿಗೆ ಬಂದದ್ದು ಓದುಗರನ್ನು ಹುಟ್ಟಿಸಿದ್ದಕ್ಕೆ. ಪುಸ್ತಕ ಬರೆಯುವವರು ಹಲವರಿದ್ದರು, ಕೊಂಡು ಓದುವ ಜನರೇ ಇರಲಿಲ್ಲ. ಅವರು ಬರೆದು, ಹೊತ್ತು, ಮನೆಬಾಗಿಲಿಗೆ ಒಯ್ದು ಆ ಜನರನ್ನು ಮಾಡಿದರು.

ಸಂಪ್ರದಾಯದ ಕಡೆ ನಿಂತ ಕಾದಂಬರಿಕಾರರು ನಮ್ಮಲ್ಲಿ ಮಾತ್ರ ಇದ್ದರು ಎಂದಲ್ಲ. ಅದೇ ಶತಮಾನದಲ್ಲಿ ಸ್ಪೇನ್ ದೇಶದಲ್ಲಿ ಹೋಸೆ ಮರಿಯಾ ದೆ ಪೆರೆದಾ ಎಂಬವರಿದ್ದರು. 1833ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡರು. ಉತ್ತರ ಸ್ಪೇನಿನ ಗುಡ್ಡಗಾಡು, ಮೀನುಗಾರರು, ಹಳ್ಳಿಯ ಹಿರಿಯರು ಅವರ ಲೋಕ. ಹಳೆಯ ರಾಜವಂಶದ ಪಕ್ಷದಿಂದ ಶಾಸನಸಭೆಗೂ ಹೋಗಿದ್ದರು. ರಾಜಧಾನಿಯ ಹೊಸ ವಿಚಾರಗಳೆಂದರೆ ಅವರಿಗೆ ಆಗದು. ಅವರ ಆಪ್ತ ಗೆಳೆಯ ಪೆರೆಸ್ ಗಾಲ್ದೋಸ್ ಪೂರಾ ವಿರುದ್ಧ ದಿಕ್ಕಿನ ಉದಾರವಾದಿ. ಆದರೂ 1882ರಲ್ಲಿ ಪೆರೆದಾರ ಕಾದಂಬರಿಯೊಂದಕ್ಕೆ ಮುನ್ನುಡಿ ಬರೆದುಕೊಟ್ಟವರು ಅದೇ ಗಾಲ್ದೋಸ್. ಒಬ್ಬರ ವಿಚಾರವನ್ನು ಒಪ್ಪದೆಯೇ ಅವರ ಪುಸ್ತಕದ ಮುಂದೆ ತಮ್ಮ ಹೆಸರು ಹಾಕುವಷ್ಟು ದೊಡ್ಡ ಮನಸ್ಸು. ಈಗ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಾಲಿಗೆ ಬಳಗ ಬಿಟ್ಟು ಹೋಗುವ ನಮಗೆ ಅದು ದೂರದ ಲೋಕದ ಮಾತು. ನಮ್ಮಲ್ಲೂ ಅದು ಇತ್ತು. ವಿದ್ಯಾವರ್ಧಕ ಸಂಘದ ಸುತ್ತ ಸುಧಾರಕರೂ ಸಂಪ್ರದಾಯಸ್ಥರೂ ಕನ್ನಡದ ಹೆಸರಿನಲ್ಲಿ ಒಂದೇ ಕಡೆ ಸೇರಿದರು.

ಹೊಸ ತಲೆಮಾರು ಬಂದಂತೆ ಗಳಗನಾಥರ ರೀತಿ ಹಳತಾಯಿತು. ನವೋದಯದ ಲೇಖಕರು ಸಣ್ಣ ವಾಕ್ಯ, ಮನೆಮಾತಿನ ಕನ್ನಡ, ಮನಸ್ಸಿನ ಒಳಗನ್ನು ತೋರಿಸುವ ಕಥೆಗಳನ್ನು ತಂದರು. ನಮ್ಮ ಬಾಗಲಕೋಟೆಯ ಕಡೆಯ ಕೆರೂರ ವಾಸುದೇವಾಚಾರ್ಯರು 1908ರಲ್ಲೇ ಇಂದಿರೆ ಕಾದಂಬರಿಯಲ್ಲಿ ಲಘುವಾದ, ಚುರುಕಾದ ಗದ್ಯ ಬರೆದಿದ್ದರು. ಗಳಗನಾಥರು ಬದಲಾಗಲಿಲ್ಲ. ಬರವಣಿಗೆ ಅವರನ್ನು ಶ್ರೀಮಂತರನ್ನಾಗಿಯೂ ಮಾಡಲಿಲ್ಲ. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ಅವರಿಗೆ 67. ಆ ಹೊತ್ತಿಗೆ ಹಕ್ಕ ಬುಕ್ಕರ ಹೆಸರು ಉತ್ತರ ಕರ್ನಾಟಕದ ಮಕ್ಕಳ ಬಾಯಲ್ಲಿತ್ತು, ಅದರಲ್ಲಿ ಅವರ ಹೊರೆಯ ಪಾಲೂ ಇತ್ತು. 1942ರಲ್ಲಿ ಅವರು ತೀರಿಕೊಂಡರು. ಕರ್ನಾಟಕ ಒಂದಾಗಲು ಇನ್ನೂ 14 ವರ್ಷ ಬಾಕಿ ಇತ್ತು.

ಈಗ ಹಾವೇರಿಯಲ್ಲಿ ಅವರ ಹೆಸರನ್ನೂ ಇತಿಹಾಸಕಾರ ನಾ.ಶ್ರೀ. ರಾಜಪುರೋಹಿತರ ಹೆಸರನ್ನೂ ಸೇರಿಸಿ ಒಂದು ಪ್ರತಿಷ್ಠಾನ ಇದೆ. 2023ರಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ ಶುರುವಾದದ್ದು ಜನವರಿ 6ಕ್ಕೆ, ಅವರು ಹುಟ್ಟಿದ ದಿನದ ಮರುದಿನ. ಅಲ್ಲಿನ ಪುಸ್ತಕ ಮಳಿಗೆಗಳಿಗೆ ಬಂದ ಜನ ಕೈಚೀಲ ತುಂಬಾ ಪುಸ್ತಕ ಕೊಂಡು ಹೊತ್ತುಕೊಂಡು ಹೋದರು.

ಓದಬೇಕೆನ್ನುವವರಿಗೆ ಒಂದು ಸಲಹೆ. ಮೊದಲು ಕನ್ನಡಿಗರ ಕರ್ಮಕಥೆ ಹಿಡಿಯಿರಿ, ಕಥೆ ಬೇಗ ಓಡುತ್ತದೆ. ಮಾಧವ ಕರುಣಾ ವಿಲಾಸ ದಪ್ಪ ಪುಸ್ತಕ, ಗ್ರಂಥಾಲಯದಿಂದ ತಂದರೆ ಕೊಟ್ಟ ಅವಧಿಯಲ್ಲಿ ಮುಗಿಯುವುದಿಲ್ಲ, ಎರಡು ಸಲವಾದರೂ ದಿನಾಂಕ ಮುಂದೆ ಹಾಕಿಸಬೇಕಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ತೆಗೆದುಕೊಳ್ಳಿ.